ಸಡಿಲ ಬಿಟ್ಟ ದಾರ

ಮೊಸಳೆಮೂತಿಯ ಗಾರ್ ಮೀನು ಹಗ್ಗವನ್ನು ಕಚ್ಚಿ ಅಗಿಯತೊಡಗಿದ ಹೊತ್ತಿಗೇ ಒಡಾಲಿ ಮಾವನಿಗೆ ವಿಷಯ ಹೇಳಿಬಿಟ್ಟಳು. "ಮಾವ, ನಾನು ಇನ್ನೊಂದು ಮದುವೆ ಆಗ್ತಿದೀನಿ."

ಮಾವ ತೆಯೋಫಿಲ್ ಗಾಳದ ದಾರ ಜಗ್ಗಿಬಿಟ್ಟ. ಲೂಸಿಯಾನದ ಆ ಹಿನ್ನೀರಿನಲ್ಲಿ ನಲವತ್ತು ವರ್ಷ ಮೀನು ಹಿಡಿದವನು ಮಾಡುವ ತಪ್ಪಲ್ಲ ಅದು. ಗಾರ್ ಹಿಡಿಯಲು ದಾರದ ತುದಿಗೆ ಕಟ್ಟುವ, ಎಳೆ ಬಿಚ್ಚಿದ ನೈಲಾನ್ ಹಗ್ಗಕ್ಕೆ ಕೊಕ್ಕೆಯೇ ಇರುವುದಿಲ್ಲ. ದಾರ ಸಡಿಲ ಬಿಟ್ಟರೆ ಮೀನು ಅಗಿದು ಅಗಿದು ಎಳೆಗಳಲ್ಲಿ ತಾನೇ ಹಲ್ಲು ಸಿಕ್ಕಿಸಿಕೊಳ್ಳುತ್ತದೆ. ಹಗ್ಗ ಬರಿದಾಗಿ ದೋಣಿಯೊಳಗೆ ಬಂದು ಬಿತ್ತು. ಮಗ ತೀರಿಕೊಂಡು ಮೂರು ವರ್ಷವಾದರೂ ಸೊಸೆ ಒಂದು ಶನಿವಾರವೂ ಈ ದೋಣಿ ತಪ್ಪಿಸಿರಲಿಲ್ಲ.

"ಜಗ್ಗಬೇಡ ಜಗ್ಗಬೇಡ ಅಂತ ನನಗೆ ಬಯ್ತಿದ್ರಲ್ಲ," ಎಂದಳು ಒಡಾಲಿ ಮೆಲ್ಲಗೆ.

ಮುದುಕ ಒದ್ದೆ ಎಳೆಗಳನ್ನು ಬೆರಳಲ್ಲೇ ಬಾಚಿ ಬಿಡಿಸಿದ. "ಅವನಿಗೆ ಗಾರ್ ಮೀನಿನ ಕರಿದ ಉಂಡೆ ಸೇರತ್ತಾ?"

"ತಿಂದೇ ಇಲ್ವಂತೆ. ಪಟ್ಟಣದವನು."

"ಅಯ್ಯೋ ದೇವ್ರೇ! ಭಾನುವಾರ ಊಟಕ್ಕೆ ಕರ್ಕೊಂಡು ಬಾ." ಹಗ್ಗವನ್ನು ಮತ್ತೆ ನೀರಿಗೆ ಬೀಸಿ, ಗಾಳದ ಕೋಲನ್ನು ಅವಳ ಕೈಗಿತ್ತ. "ಮೀನು ಮಾತ್ರ ನೀನೇ ಹಿಡೀಬೇಕು ಕಣಮ್ಮ. ಇವತ್ತು ನನ್ನ ಕೈ ನನ್ನ ಮಾತು ಕೇಳ್ತಿಲ್ಲ."