ಒಂದೇ ಅಳತೆಯ ಗಾಯ

ಒದ್ದೆ ಬೆಡ್‌ಶೀಟುಗಳ ಬಕೆಟ್ಟನ್ನು ಅರ್ಧಕ್ಕೆ ಎತ್ತಿದ ಸೊಸೆ ಅದನ್ನು ಧೊಪ್ಪನೆ ಕೆಳಗಿಟ್ಟಳು. ಚೆಲ್ಲಿದ ನೀರಿಗೆ, ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದ ಗಂಡನ ಚಪ್ಪಲಿ ತೊಯ್ದುಹೋದವು.

"ಕಡಲೆಕಾಳಿನಷ್ಟು ಗಾಯಕ್ಕೆ ಏನು ನಾಟಕವೇ ನಿಂದು! ತಿಂಗಳಾಯ್ತಲ್ಲ," ಎಂದರು ಅತ್ತೆ. ಅವರ ಕೈಯಲ್ಲಿ ಮಗನಿಗೆಂದು ತಂದ ದಿಂಬಿತ್ತು. ತಮ್ಮ ಲಾಂಡ್ರಿ ಅಂಗಡಿಯ ಬಟ್ಟೆ ಹೊರೆ ಹೊತ್ತೂ ಹೊತ್ತೂ ಗಂಡ ಹೆಂಡತಿ ಇಬ್ಬರ ಬೆನ್ನೂ ಕೈಕೊಟ್ಟಿತ್ತು. ಒಬ್ಬರೇ ಡಾಕ್ಟರು, ಒಂದೇ ವಾರದಲ್ಲಿ, ಇಬ್ಬರಿಗೂ ಸಣ್ಣ ತೂತು ಹಾಕಿಯೇ ಆಪರೇಷನ್ ಮುಗಿಸಿದ್ದರು.

"ಅವನದ್ದು ಬೆನ್ನುಮೂಳೆ ಕಣೇ, ಹುಡುಗಾಟ ಅಲ್ಲ."

"ನನ್ನದೇನು ಬಾಳೆದಿಂಡಾ, ಅತ್ತೆ?"

ಅವಳು ಮಂಚದ ಅಂಚಿಗೆ ಕೂತು ಗಂಡನ ಅಂಗಿಯನ್ನು ಮೇಲೆ ಸರಿಸಿದಳು. ಆಮೇಲೆ ಅತ್ತೆಗೆ ಬೆನ್ನು ತಿರುಗಿಸಿ ತನ್ನದನ್ನೂ ಎತ್ತಿ ಹಿಡಿದಳು.

"ನೋಡಿ ಹೇಳಿ, ಯಾವುದು ದೊಡ್ಡದು?"

ಅತ್ತೆಯ ಕಣ್ಣು ಆ ಬೆನ್ನಿಂದ ಈ ಬೆನ್ನಿಗೆ ಓಡಾಡಿತು.

"ಏಯ್, ಏನೇ ಇದು?" ಎಂದು ಗಂಡ ಗೊಣಗಿದ.

"ಸ್ವಲ್ಪ ಆ ಕಡೆ ಸರೀರಿ," ಎಂದವಳೇ ಅವನ ಪಕ್ಕದಲ್ಲಿ ಕಾಲು ಚಾಚಿ ಮಲಗಿ, ಅತ್ತೆಯತ್ತ ಕೈ ನೀಡಿದಳು. "ಆ ದಿಂಬು ಇಲ್ಲಿ ಕೊಡಿ. ಬಕೆಟ್ಟು ಎಲ್ಲೂ ಓಡಿಹೋಗಲ್ಲ."