ಕಿರುಬೆರಳಿನ ಗೆರೆ

ದೀಪಾವಳಿ ಕಳೆದು ಅಂಗಳದಲ್ಲಿ ಬೇಯಿಸಿದ ಭತ್ತ ಒಣಗುತ್ತಿತ್ತು. ವಾರಿಜ ಅದನ್ನು ಕಾಲಿನಲ್ಲಿ ಕೆದರುತ್ತ ಕಿವಿಯನ್ನು ಚಾವಡಿಯಲ್ಲೇ ಇಟ್ಟಿದ್ದಳು. ಚಿಕ್ಕಮ್ಮನ ಮಗಳು ಸುಲೋಚನಳನ್ನು ನೋಡಲು ಕಾರ್ಕಳದಿಂದ ಹುಡುಗನ ತಾಯಿ ಬಂದಿದ್ದರು. ಸುಲೋಚನಳ ಕೈಕೆಲಸವೆಂದು ಗೋಡೆಗೆ ತೂಗುಹಾಕಿದ್ದ ಮ್ಯಾಕ್ರಮಿಯ ಹೂಗಳನ್ನು ಮಳೆಗಾಲವಿಡೀ ಕೂತು ನೈಲಾನ್ ದಾರದಲ್ಲಿ ಗಂಟು ಹಾಕಿದವಳು ವಾರಿಜ. "ಇದೊಂದು ಮಾಡಿಕೊಡು, ಅವಳದ್ದು ಆದ ಕೂಡಲೇ ನಿನಗೂ ಗಂಡು ಹುಡುಕ್ತೇನೆ" ಎಂದು ಚಿಕ್ಕಮ್ಮ ರಮಾಮಣಿ ಮಾತು ಕೊಟ್ಟಿದ್ದರು.

ಕಾಫಿ ಕೊಡಲು ಒಳಗೆ ಬಂದ ವಾರಿಜಳ ಕೈಯನ್ನು ಆ ಹೆಂಗಸು ಗಕ್ಕನೆ ಹಿಡಿದುಕೊಂಡರು. ಕಿರುಬೆರಳಿನ ಬುಡದಲ್ಲಿ ದಾರ ಕೊರೆದ ಗೆರೆ ದಪ್ಪಗಟ್ಟಿತ್ತು. "ನಾನೂ ಮ್ಯಾಕ್ರಮಿ ಹಾಕುವವಳೇ, ರಮಾಮಣಿಯಕ್ಕ. ಎಸಳು ಬಿಗಿಯುವಾಗ ದಾರ ಇಲ್ಲೇ ಕೊರೆಯುವುದು. ನಿಮ್ಮ ಮಗಳ ಬೆರಳು ಬೆಣ್ಣೆಯ ಹಾಗೆ ಉಂಟಲ್ಲ?"

ಚಿಕ್ಕಮ್ಮನ ಮುಖ ಬಿಳಿಚಿತು. ಸುಲೋಚನ ಸೆರಗಿನೊಳಗೆ ಕೈ ಅಡಗಿಸಿದಳು. ವಾರಿಜಳಿಗೆ ಮಾತ್ರ, ಒಬ್ಬರ ಕಣ್ಣಿಗಾದರೂ ಬಿತ್ತಲ್ಲ ಎಂದು ಎದೆ ಹಗುರಾಯಿತು.

"ಹೆದರಬೇಡಿ ಮಾರಾಯ್ರೆ," ಹೆಂಗಸು ನಕ್ಕರು. "ಹುಡುಗಿ ಒಪ್ಪಿಗೆ. ನಮ್ಮಲ್ಲಿ ಕೈತುಂಬ ಕೆಲಸ ಉಂಟು, ಮದುಮಗಳ ಜೊತೆ ಇವಳನ್ನೂ ಕಳಿಸಿಬಿಡಿ. ಮತ್ತೆ ಇವಳಿಗೆ ಗಂಡು ಗಿಂಡು ಅಂತ ಹುಡುಕ್ಲಿಕ್ಕೆ ಹೋಗ್ಬೇಡಿ."

"ಓ, ಅದಕ್ಕೆಂತ!" ಚಿಕ್ಕಮ್ಮನಿಗೆ ಉಸಿರು ಬಂತು. "ತಂದೆ ತಾಯಿ ಇಲ್ಲದವಳಿಗೆ ಇಷ್ಟು ವರ್ಷ ಅನ್ನ ಹಾಕಿದ್ದೇವೆ. ಆ ಋಣ ತೀರಿತು ಅಂತ ಆಯ್ತು."

ಹೆಂಗಸು ಆಗ ಕೈ ಬಿಟ್ಟರು.

"ನಿಂತದ್ದೆಂತ ವಾರಿಜ?" ಚಿಕ್ಕಮ್ಮ ಅಂದರು. "ಭತ್ತಕ್ಕೆ ಕೋಳಿ ಬಿದ್ದಿದೆ, ಹೋಗು."