ಸುಮ್ಮನಿದ್ದ ಯೀಸ್ಟ್

ಮಾದೇಶ ಫ್ಲಾಸ್ಕನ್ನು ಸಿಂಕಿನ ಮೇಲೆ ಬಗ್ಗಿಸುತ್ತಿದ್ದಂತೆ ಶಾಂತಲಾ ಅವನ ಮುಂಗೈ ಹಿಡಿದುಕೊಂಡಳು. "ಚೆಲ್ಲಬ್ಯಾಡ, ತಡಿ."

"ಯೀಸ್ಟ್ ಎಲ್ಲ ಸತ್ತೋಗವೆ ಕಣೇ. ಹಸಿರಾಗಿ ಹೊಳೆಯೋ ಪ್ರೋಟೀನು ಒಂಚೂರೂ ಆಗಿಲ್ಲ. ಈ ಕೆಲ್ಸ ನಿನ್ ಕೈಲಾಗಲ್ಲ ಬುಡು ಅಂದ್ರಲ್ಲ ಮೇಡಂ, ನೀನೂ ಅಲ್ಲೇ ಇದ್ಯಲ್ಲ."

ಶಾಂತಲಾ ಅಲ್ಲೇ ಇದ್ದಳು. ಹುಣಸೂರಿನ ಆ ಕಾಲೇಜಿನಲ್ಲಿ ಇಬ್ಬರೂ ಮೇಡಂ ಕೈಕೆಳಗೆ ಒಂದೇ ಮೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಬೆಟ್ಟದಪುರದಿಂದ ಬರುವ ಬಸ್ಸು ತಡವಾಯಿತೆಂದು ಮಾದೇಶ ಫೋನ್ ಮಾಡಿದಾಗ, ಅವನ ಯೀಸ್ಟನ್ನು ಹೊಸ ದ್ರಾವಣಕ್ಕೆ ಹಾಕಿದ್ದು ಅವಳೇ. ಹಾಕಿದ್ದು ಸಕ್ಕರೆ ಇಲ್ಲದ ದ್ರಾವಣಕ್ಕೆ. ಅದು ಗೊತ್ತಾದದ್ದು ಮೇಡಂ ಅವನನ್ನು ಬೈಯುತ್ತಿದ್ದಾಗ, ಬಾಟಲಿಯ ಚೀಟಿ ಕಣ್ಣಿಗೆ ಬಿದ್ದು. ಬಾಯಿ ತೆರೆದರೆ ಬೈಗುಳ ತನ್ನ ಕಡೆ ತಿರುಗುತ್ತದೆಂದು ತಲೆ ತಗ್ಗಿಸಿ ನಿಂತಿದ್ದಳು.

"ಸ್ವಲ್ಪ ಸಕ್ಕರೆ ಹಾಕಿ ನೋಡೋಣ" ಎಂದಳು. ಪ್ರೋಟೀನು ತಯಾರಿಸಲು ಹೇಳುವ ಎಂಆರ್‌ಎನ್‌ಎ ಆ ಕೋಶಗಳೊಳಗೆ ಆಗಲೇ ಇತ್ತು. ಸಕ್ಕರೆ ಸಿಗದಿದ್ದರೆ ಯೀಸ್ಟ್ ಅದನ್ನು ಓದುವುದನ್ನು ನಿಲ್ಲಿಸಿಬಿಡುತ್ತದೆ, ಅಷ್ಟೇ.

ಸಕ್ಕರೆ ಹಾಕಿಟ್ಟು, ಊಟ ಮುಗಿಸಿ ಬಂದು ಮಾದೇಶ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೋಶಗಳು ಹಸಿರಾಗಿ ಹೊಳೆಯುತ್ತಿದ್ದವು. "ಸತ್ತಿರ್ನಿಲ್ಲ ಕಣೇ, ಸುಮ್ಕಿದ್ವು! ನೀನ್ ಕೈ ಹಿಡೀದಿದ್ರೆ ಚೆಲ್‌ಬುಡ್ತಿದ್ದೆ. ನಿನ್ನಿಂದ ನನ್ ಕೆಲ್ಸ ಉಳೀತು."

ಆ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನೂ ಸುಮ್ಕಿದ್ದೆ ಕಣೋ. ಸಕ್ಕರೆ ಇಲ್ದಿರೋದನ್ನ ಹಾಕಿದ್ದು ನಾನೇ. ಮೇಡಂ ಬೈಯುವಾಗ್ಲೂ ನಂಗೆ ಗೊತ್ತಿತ್ತು."

ಮಾದೇಶ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. ಅವಳ ಮಾತು ಇನ್ನೂ ಅರ್ಥವಾಗದ ಅವನ ಮುಖದಲ್ಲಿ ಮೊದಲಿನ ನಗುವೇ ಇತ್ತು.